ಅಪ್‌ಡೇಟ್ ಆದ ಮೇಲೆ ಕೈಕೊಡುವ ಹಳೆಯ ಕಂಪ್ಯೂಟರ್: ಮೂಲ ಹುಡುಕುವ ಬಗೆ

ಹಳೆಯ ಕಂಪ್ಯೂಟರಿನಲ್ಲಿ ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಕಾಣುವ ತೊಂದರೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರದವು. ಯಂತ್ರ ಶುರುವಾಗದೆ ನೀಲಿ ಪರದೆಯಲ್ಲೋ ಕಪ್ಪು ಪರದೆಯಲ್ಲೋ ನಿಲ್ಲುತ್ತದೆ. ಶುರುವಾದರೂ ಮೌಸ್ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಕಿಟಕಿ ತೆರೆಯುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಂತು ತಾನಾಗಿ ಹಿಂದಕ್ಕೆ ಸರಿಯುತ್ತದೆ, ಮಾರನೆಯ ದಿನ ಮತ್ತೆ ಅದೇ ಕಥೆ. ಪ್ರಿಂಟರ್ ಮಾತು ಕೇಳುವುದಿಲ್ಲ, ಹಳೆಯ ತಂತ್ರಾಂಶ ತೆರೆಯುವುದಿಲ್ಲ, ಕಡತದೊಳಗಿನ ಕನ್ನಡ ಗುರುತು ಸಿಗದಂತಾಗುತ್ತದೆ. ಇಷ್ಟಕ್ಕೂ ರೂಢಿಯಲ್ಲಿರುವ ಮದ್ದು ಒಂದೇ, ಫಾರ್ಮ್ಯಾಟ್. ಫಾರ್ಮ್ಯಾಟ್ ಮಾಡಿದರೆ ತೊಂದರೆ ಹೋಗುವುದುಂಟು. ಅದರ ಜೊತೆಗೆ ಕಾರಣ ತಿಳಿಯುವ ದಾರಿಯೂ ಹೋಗುತ್ತದೆ. ಎಷ್ಟೋ ಸಲ ಮನೆಯ ಫೋಟೊಗಳು, ಅಂಗಡಿಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಎಲ್ಲವೂ ಹೋಗುತ್ತವೆ. ದೋಷ ಹಾರ್ಡ್‌ಡಿಸ್ಕಿನಲ್ಲೇ ಇದ್ದರೆ ಕೆಲವೇ ವಾರಗಳಲ್ಲಿ ಅದು ಹೊಸ ವಿಂಡೋಸಿನ ಮೇಲೂ ತಲೆ ಎತ್ತುತ್ತದೆ. ಆದ್ದರಿಂದ ಫಾರ್ಮ್ಯಾಟ್ ಕೊನೆಯ ಹೆಜ್ಜೆಯಾಗಬೇಕು; ಅದಕ್ಕೆ ಮುಂಚೆ ನೋಡಬೇಕಾದದ್ದು ಬಹಳ ಇದೆ.

ಯಂತ್ರ ಹಳೆಯದಾಗುವ ರೀತಿ

ಕೊಂಡ ವರ್ಷವೊಂದನ್ನೇ ನೋಡಿ ಕಂಪ್ಯೂಟರ್ ಹಳೆಯದೆನ್ನಲಾಗದು. ಒಂದು ಡಬ್ಬಿಯೊಳಗೆ ಹಲವು ಕಂಪನಿಗಳ ಭಾಗಗಳಿರುತ್ತವೆ. ಗ್ರಾಫಿಕ್ಸ್, ಧ್ವನಿ, ವೈಫೈ, ಚಿಪ್‌ಸೆಟ್, ಪ್ರಿಂಟರ್ ಎಲ್ಲಕ್ಕೂ ಡ್ರೈವರ್ ಬರೆದುಕೊಡುವ ಹೊಣೆ ಅವುಗಳನ್ನು ತಯಾರಿಸಿದವರದು. ಅವರೆಲ್ಲ ಒಂದೇ ದಿನ ಕೈಬಿಡುವುದಿಲ್ಲ. ಇಂಟೆಲ್ 2011ರಲ್ಲಿ ತಂದ ಸ್ಯಾಂಡಿ ಬ್ರಿಜ್ ಪ್ರೊಸೆಸರುಗಳು ಇವತ್ತಿಗೂ ಅನೇಕ ಮೇಜುಗಳ ಮೇಲೆ ಕೆಲಸ ಮಾಡುತ್ತಿವೆ. ಆದರೆ ಅವುಗಳೊಳಗಿನ ಗ್ರಾಫಿಕ್ಸಿಗೆ ವಿಂಡೋಸ್ 10ರ ಅಧಿಕೃತ ಬೆಂಬಲವನ್ನು ಇಂಟೆಲ್ ಕೊಡಲೇ ಇಲ್ಲ. ಹಿಂದಿನ ಕಾಲದ ಡ್ರೈವರನ್ನೇ ಮೈಕ್ರೋಸಾಫ್ಟ್ ವಿಂಡೋಸ್ ಅಪ್‌ಡೇಟಿನ ಮೂಲಕ ಹಂಚಿ ಕೆಲಸ ನಡೆಸಿತು. ಕ್ಲೋವರ್ ಟ್ರೈಲ್ ಹೆಸರಿನ ಆಟಮ್ ಪ್ರೊಸೆಸರುಗಳಿದ್ದ ಅಗ್ಗದ ಯಂತ್ರಗಳಿಗೆ 2017ರ ಕ್ರಿಯೇಟರ್ಸ್ ಅಪ್‌ಡೇಟ್ ಸಿಗಲೇ ಇಲ್ಲ. ಅವು ಹಿಂದಿನ ಆವೃತ್ತಿಯಲ್ಲೇ ಉಳಿದು, ಭದ್ರತಾ ತಿದ್ದುಪಡಿಗಳನ್ನು ಮಾತ್ರ 2023ರವರೆಗೆ ಪಡೆದವು.

ಹೀಗೆ ಹಳೆಯ ಯಂತ್ರದಲ್ಲಿ ಒಂದು ಭಾಗ ನಿಂತಲ್ಲೇ ನಿಂತಿರುತ್ತದೆ, ಇನ್ನೊಂದು ಭಾಗ ತಿಂಗಳು ತಿಂಗಳು ಬದಲಾಗುತ್ತಿರುತ್ತದೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತ ಬಂದಿದೆ. ಅಮೆರಿಕದ ಪಶ್ಚಿಮ ತೀರದ ಬೆಳಗು ಭಾರತದಲ್ಲಿ ರಾತ್ರಿಯಾದ್ದರಿಂದ ಇಲ್ಲಿನ ಕಚೇರಿಗಳಿಗೆ ಅದು ಬುಧವಾರದ ಬೆಳಿಗ್ಗೆ ತಲುಪುತ್ತದೆ. ಇದಲ್ಲದೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಬದಲಾವಣೆ ಉಂಟು. ಅದು ಹೆಚ್ಚುಕಡಿಮೆ ಇಡೀ ವಿಂಡೋಸನ್ನೇ ಹೊಸದಾಗಿ ಕೂರಿಸುವ ಕೆಲಸ. ಡ್ರೈವರ್ ಅಪ್‌ಡೇಟ್, ಯಂತ್ರದ ಬಯೋಸ್ ಅಪ್‌ಡೇಟ್ ಬೇರೆಯೇ. ತೊಂದರೆ ಬಂದ ದಿನ ಇವುಗಳಲ್ಲಿ ಯಾವುದು ಬಂತು ಎಂದು ತಿಳಿಯದೆ ದುರಸ್ತಿಗೆ ಕೈಹಾಕಿದರೆ ಊಹೆಯ ಮೇಲೆ ಊಹೆ ಕಟ್ಟಿದಂತಾಗುತ್ತದೆ.

ಇಷ್ಟೆಲ್ಲ ಗೋಳೇ ಬೇಡವೆಂದು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿಬಿಡುವವರು ಬಹಳ. ಅದರ ಬೆಲೆ 2017ರ ಮೇ ತಿಂಗಳಲ್ಲಿ ಜಗತ್ತಿಗೆ ತಿಳಿಯಿತು. ಆಗ ಹಬ್ಬಿದ ವಾನಾಕ್ರೈ ಎಂಬ ಕುತಂತ್ರಾಂಶ ಬಳಸಿದ ಕಂಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಮುಚ್ಚಿತ್ತು. ಸಿಕ್ಕಿಬಿದ್ದವು ಆ ತಿದ್ದುಪಡಿ ಹಾಕಿಕೊಳ್ಳದ ಯಂತ್ರಗಳು.

ಅಪರಾಧಿ ಯಾರು?

ಅಪ್‌ಡೇಟ್ ಆದ ಮೇಲೆ ತೊಂದರೆ ಬಂತು ಎಂದಮಾತ್ರಕ್ಕೆ ಅಪ್‌ಡೇಟಿನಿಂದಲೇ ಬಂತು ಎಂದಾಗದು. ಹಳೆಯ ಯಂತ್ರದ ವಿಷಯದಲ್ಲಿ ಈ ಎಚ್ಚರ ಬಹಳ ಮುಖ್ಯ. ಅಪ್‌ಡೇಟ್ ನಡೆಯುವ ಹೊತ್ತು ಹಳೆಯ ಕಂಪ್ಯೂಟರಿಗೆ ಕಠಿಣ ಪರೀಕ್ಷೆಯ ಹೊತ್ತು: ಡಿಸ್ಕಿನಲ್ಲಿ ಸಾವಿರಾರು ಕಡತಗಳನ್ನು ಓದಿ ಬರೆಯಬೇಕು, ಪ್ರೊಸೆಸರ್ ಗಂಟೆಗಟ್ಟಲೆ ಬಿಸಿಯಾಗಿ ದುಡಿಯಬೇಕು, ಕೊನೆಗೆ ಯಂತ್ರ ಒಂದೆರಡು ಬಾರಿ ಪೂರ್ತಿ ಆರಿ ಹೊತ್ತಬೇಕು. ದಿನವೂ ಟೈಪಿಂಗಿಗೂ ಲೆಕ್ಕಕ್ಕೂ ಬಳಕೆಯಾಗುವಾಗ ಡಿಸ್ಕಿನ ಯಾವುದೋ ಮೂಲೆಯ ಕೆಟ್ಟ ಭಾಗ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಅಪ್‌ಡೇಟ್ ಆ ಮೂಲೆಗೆ ಬರೆಯಲು ಹೋದಾಗ ಹೊರಬೀಳುತ್ತದೆ.

ಹಾಗಾಗಿ ಮೊದಲ ತಪಾಸಣೆ ಡಿಸ್ಕಿನದು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಅಲ್ಲಿ ನೋಡಬೇಕಾದ ಸಾಲುಗಳು ಮೂರು. ಕೆಟ್ಟ ಸೆಕ್ಟರುಗಳನ್ನು ಬಿಟ್ಟು ಬದಲಿ ಜಾಗ ಬಳಸಿದ ಎಣಿಕೆ ಏರುತ್ತಿದ್ದರೆ ಡಿಸ್ಕ್ ಸವೆಯುತ್ತಿದೆ. ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳಿದ್ದರೆ ಅಪಾಯ ಹತ್ತಿರದಲ್ಲಿದೆ. ಮೂರನೆಯದು ಸಿಆರ್‌ಸಿ ದೋಷಗಳ ಎಣಿಕೆ: ಇದೊಂದೇ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿಯೇ ಇದ್ದು, ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಅಗ್ಗದ ಕೇಬಲೊಂದನ್ನು ಬದಲಿಸಿದರೆ ಮುಗಿಯುವ ತೊಂದರೆಗೆ ಹೊಸ ಡಿಸ್ಕ್ ಕೊಂಡವರಿದ್ದಾರೆ.

ಎರಡನೆಯ ಶಂಕಿತ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ, ಸಿಆರ್ 2032. ಕೆಲವು ವರ್ಷಗಳಲ್ಲಿ ಅದು ಬರಿದಾಗುತ್ತದೆ. ಆಮೇಲೆ ಕರೆಂಟ್ ಹೋದಾಗಲೆಲ್ಲ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಇಂದಿನ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭ ಮತ್ತು ಕೊನೆಯ ದಿನಾಂಕಗಳಿರುವುದರಿಂದ ತಪ್ಪು ದಿನಾಂಕದ ಯಂತ್ರಕ್ಕೆ ಬ್ಯಾಂಕಿನ ತಾಣ ತೆರೆಯದು, ವಿಂಡೋಸ್ ಅಪ್‌ಡೇಟ್ ಸರ್ವರನ್ನು ತಲುಪಲಾಗದು. ಇನ್ನೂ ಕೆಟ್ಟದ್ದೆಂದರೆ, ಬ್ಯಾಟರಿ ಸತ್ತಾಗ ಕೆಲವು ಮದರ್‌ಬೋರ್ಡುಗಳ ಬಯೋಸ್ ಸೆಟ್ಟಿಂಗ್ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತವೆ. ಆಗ ಸಾಟಾ ನಿಯಂತ್ರಕ ಎಎಚ್‌ಸಿಐ ಕ್ರಮದಿಂದ ಐಡಿಇ ಕ್ರಮಕ್ಕೆ ಬದಲಾದರೆ, ವಿಂಡೋಸ್ ತಾನಿರುವ ಡಿಸ್ಕನ್ನೇ ಕಾಣದೆ ನೀಲಿ ಪರದೆ ತೋರಿಸುತ್ತದೆ. ಹಿಂದಿನ ರಾತ್ರಿ ಅಪ್‌ಡೇಟ್ ಆಗಿತ್ತು, ನಡುವೆ ಕರೆಂಟ್ ಹೋಗಿತ್ತು, ಬೆಳಿಗ್ಗೆ ಯಂತ್ರ ಏಳಲಿಲ್ಲ ಎಂಬ ದೂರಿನಲ್ಲಿ ಬಯೋಸಿನ ಈ ಒಂದು ಸಾಲನ್ನು ನೋಡದೆ ಫಾರ್ಮ್ಯಾಟಿಗೆ ಹೊರಡುವುದು ಅನ್ಯಾಯ.

ಕರೆಂಟಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಲೋಡ್‌ಶೆಡ್ಡಿಂಗ್ ಇರುವ ಊರುಗಳಲ್ಲಿ ಅಪ್‌ಡೇಟ್ ನಡುವೆ ಯಂತ್ರ ಆರಿಹೋಗುವುದು ಸಾಮಾನ್ಯ. ವಿಂಡೋಸ್ ಅರ್ಧ ಆದ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ರೂಪುಗೊಂಡಿದ್ದರೂ ಪ್ರತಿ ಸಲ ಅದು ಗೆಲ್ಲುವುದಿಲ್ಲ. ಬ್ಯಾಟರಿ ಸತ್ತ ಯುಪಿಎಸ್ ಮೇಜಿನ ಕೆಳಗಿದ್ದೂ ಇಲ್ಲದಂತೆಯೇ. ದೊಡ್ಡ ಅಪ್‌ಡೇಟಿಗೆ ಮುಂಚೆ ಅದನ್ನು ಪರೀಕ್ಷಿಸುವುದು ಒಳ್ಳೆಯದು.

ಮೊದಲು ಕಡತ, ಆಮೇಲೆ ಸಾಕ್ಷ್ಯ

ಯಾವ ದುರಸ್ತಿಗೂ ಮುಂಚೆ ಮಾಡಬೇಕಾದದ್ದು ಕಡತಗಳ ಪ್ರತಿ. ಯಂತ್ರ ಶುರುವಾಗದಿದ್ದರೂ ಇದು ಸಾಧ್ಯ. ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಹಾಕಿ ಶುರುಮಾಡಿ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬಹುದು. ಇಲ್ಲವೇ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಡಿಸ್ಕ್ ಸಾಯುತ್ತಿರುವ ಸೂಚನೆ ಇದ್ದರೆ ಚೆಕ್‌ಡಿಸ್ಕ್ ಓಡಿಸುವುದು ತಪ್ಪು. ಅದು ಇಡೀ ಡಿಸ್ಕನ್ನು ಜಾಲಾಡಿ, ಉಳಿದ ಆಯುಷ್ಯವನ್ನೂ ತಿಂದು, ಓದಬಹುದಾಗಿದ್ದ ಕಡತಗಳನ್ನೂ ಕಳೆಯಬಲ್ಲದು. ಬಿಟ್‌ಲಾಕರ್ ಬೀಗವಿರುವ ಲ್ಯಾಪ್‌ಟಾಪುಗಳಲ್ಲಿ ಅದರ ರಿಕವರಿ ಕೀ ಎಲ್ಲಿದೆ ಎಂದು ಮುಂಚೆಯೇ ತಿಳಿದಿರಬೇಕು. 2024ರ ಜುಲೈ ತಿಂಗಳ ಅಪ್‌ಡೇಟಿನ ನಂತರ ಕೆಲವು ಯಂತ್ರಗಳು ಶುರುವಾಗುವಾಗಲೇ ಆ 48 ಅಂಕಿಗಳ ಕೀ ಕೇಳಿದ್ದವು.

ಅಪ್‌ಡೇಟೇ ಕಡತ ಅಳಿಸಿದ ಪ್ರಸಂಗವೂ ನಡೆದಿದೆ. ವಿಂಡೋಸ್ 10ರ 1809 ಆವೃತ್ತಿ 2018ರ ಅಕ್ಟೋಬರಿನಲ್ಲಿ ಹೊರಬಂದಾಗ ಕೆಲವರ ಡಾಕ್ಯುಮೆಂಟ್ಸ್ ಮುಂತಾದ ಫೋಲ್ಡರುಗಳೊಳಗಿನ ಕಡತಗಳು ಮಾಯವಾದವು. ಆ ಫೋಲ್ಡರುಗಳನ್ನು ಬೇರೆ ಡ್ರೈವಿಗೆ ತಿರುಗಿಸಿಕೊಂಡಿದ್ದವರಲ್ಲಿ, ಮೂಲ ಜಾಗದಲ್ಲಿ ಉಳಿದಿದ್ದ ಕಡತಗಳನ್ನು ಖಾಲಿ ಫೋಲ್ಡರಿನ ಜೊತೆಗೇ ಅಪ್‌ಡೇಟ್ ಅಳಿಸಿತ್ತು. ಮೈಕ್ರೋಸಾಫ್ಟ್ ವಿತರಣೆ ನಿಲ್ಲಿಸಿ, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಸಿ ಡ್ರೈವ್ ಚಿಕ್ಕದೆಂದು ಡಾಕ್ಯುಮೆಂಟ್ಸ್ ಅನ್ನು ಡಿ ಡ್ರೈವಿಗೆ ಸಾಗಿಸುವುದು ಹಳೆಯ ಯಂತ್ರಗಳಲ್ಲೇ ಹೆಚ್ಚಾಗಿ ನಡೆಯುವ ಪದ್ಧತಿ ಎಂಬುದನ್ನು ಇಲ್ಲಿ ನೆನೆಯಬೇಕು.

ಕಡತ ಭದ್ರವಾದ ಮೇಲೆ ಸಾಕ್ಷ್ಯ. ವಿಂಡೋಸಿನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬ ಪುಟವೊಂದಿದೆ; ಬಹಳ ಮಂದಿಗೆ ಅದರ ಪರಿಚಯವೇ ಇಲ್ಲ. ದಿನದಿನದ ಸಾಲಿನಲ್ಲಿ ಯಾವ ತಂತ್ರಾಂಶ ಬಿತ್ತು, ಯಾವ ಅಪ್‌ಡೇಟ್ ಬಂತು, ಯಾವ ಡ್ರೈವರ್ ಬದಲಾಯಿತು ಎಂಬುದನ್ನು ಅದು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಅಪ್‌ಡೇಟಿಗಿಂತ ಒಂದು ವಾರ ಮೊದಲಿನಿಂದಲೇ ಕೆಂಪು ಗುರುತುಗಳಿದ್ದರೆ ಅಪ್‌ಡೇಟನ್ನು ದೂರುವಂತಿಲ್ಲ. ಆ ದಿನ ಆಂಟಿವೈರಸ್ಸೋ ಗ್ರಾಫಿಕ್ಸ್ ಡ್ರೈವರೋ ಬದಲಾಗಿದ್ದರೆ ಹುಡುಕಾಟ ಅತ್ತ ತಿರುಗಬೇಕು. ಆಮೇಲಿನ ಕೆಲಸದಲ್ಲಿ ಒಂದು ಶಿಸ್ತು ಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಹಿಂತೆಗೆಯಬಹುದಾದದ್ದು, ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದುಕೊಂಡು. ಐದು ಉಪಾಯಗಳನ್ನು ಒಟ್ಟಿಗೆ ಮಾಡಿ ಯಂತ್ರ ಸರಿಹೋದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಮುಂದಿನ ತಿಂಗಳು ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು.

ಶುರುವಾಗದ ಯಂತ್ರ

ವಿಂಡೋಸ್ 10 ಮತ್ತು 11 ಕೆಲವು ಸಲ ಸತತವಾಗಿ ಶುರುವಾಗದೆ ಸೋತರೆ ತಾವಾಗಿಯೇ ದುರಸ್ತಿ ಪರದೆಗೆ ಹೋಗುತ್ತವೆ. ಅಲ್ಲಿಗೂ ಹೋಗದಿದ್ದರೆ, ಬೇರೊಂದು ಕಂಪ್ಯೂಟರಿನಲ್ಲಿ ತಯಾರಿಸಿದ ವಿಂಡೋಸ್ ಪೆನ್‌ಡ್ರೈವಿನಿಂದ ಅದೇ ಪರದೆ ತಲುಪಬಹುದು. ಅಲ್ಲಿರುವ ಅಪ್‌ಡೇಟ್ ತೆಗೆಯುವ ಆಯ್ಕೆಯಲ್ಲಿ ಮಾಸಿಕ ತಿದ್ದುಪಡಿ, ಆವೃತ್ತಿ ಬದಲಾವಣೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಮೊದಲು ಮಾಸಿಕದ್ದನ್ನು ತೆಗೆದು ನೋಡಬೇಕು. ಆವೃತ್ತಿಯನ್ನು ಹಿಂದಕ್ಕೆ ಪಡೆಯಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ. ಆ ಬಳಿಕ ಹಳೆಯ ವಿಂಡೋಸ್ ಇಟ್ಟಿದ್ದ ಫೋಲ್ಡರನ್ನು ಯಂತ್ರ ತಾನೇ ಅಳಿಸುತ್ತದೆ. ಜಾಗ ಸಾಲದೆಂದು ಆ ಫೋಲ್ಡರನ್ನು ಮೊದಲ ದಿನವೇ ಅಳಿಸುವವರು ಹಿಂದಿರುಗುವ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಸಿಸ್ಟಮ್ ರಿಸ್ಟೋರ್ ಕೂಡ ಉಪಯೋಗದ್ದೇ. ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುವುದರಿಂದ ಆರೋಗ್ಯವಾಗಿರುವಾಗಲೇ ಆನ್ ಮಾಡಿಡಬೇಕು.

ಸೇಫ್ ಮೋಡಿನಲ್ಲಿ ಯಂತ್ರ ಎದ್ದರೆ ವಿಂಡೋಸಿನ ಬುಡ ಸರಿಯಾಗಿದೆ, ಡ್ರೈವರೋ ಜೊತೆಯ ತಂತ್ರಾಂಶವೋ ಅಡ್ಡಬಂದಿದೆ ಎಂದು ತಿಳಿಯಬಹುದು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಾಗ ಮೊದಲ ಗಳಿಗೆಯಲ್ಲಿ ಬೈಗುಳ ತಿಂದದ್ದು ವಿಂಡೋಸ್. ನಿಜವಾದ ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷಪೂರಿತ ಕಡತ. ಸೇಫ್ ಮೋಡಿಗೆ ಹೋಗಿ ಆ ಒಂದು ಕಡತ ಅಳಿಸುವುದೇ ಪರಿಹಾರವಾಗಿತ್ತು.

ಅಪ್‌ಡೇಟೇ ಹಳೆಯ ಯಂತ್ರಗಳನ್ನು ಮಲಗಿಸಿದ್ದಕ್ಕೂ ದಾಖಲೆ ಇದೆ. ಪ್ರೊಸೆಸರುಗಳ ಒಳಗಿನ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆಂದು 2018ರ ಜನವರಿಯಲ್ಲಿ ಬಂದ ತಿದ್ದುಪಡಿ ಅಥ್ಲಾನ್ ಕಾಲದ ಕೆಲವು ಎಎಂಡಿ ಯಂತ್ರಗಳನ್ನು ಶುರುವಾಗದಂತೆ ಮಾಡಿತು. ಆ ಚಿಪ್‌ಸೆಟ್‌ಗಳು ತನಗೆ ಕೊಟ್ಟಿದ್ದ ದಾಖಲೆಗಳಂತೆ ನಡೆದುಕೊಳ್ಳುತ್ತಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿ, ಅವುಗಳಿಗೆ ಅಪ್‌ಡೇಟ್ ಕಳಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಇಂಥ ಸಂದರ್ಭದಲ್ಲಿ ಬಳಕೆದಾರ ಮಾಡಬಹುದಾದದ್ದು ಆ ಅಪ್‌ಡೇಟ್ ತೆಗೆದು, ಅಪ್‌ಡೇಟುಗಳನ್ನು 35 ದಿನಗಳವರೆಗೆ ತಡೆಹಿಡಿಯುವ ಆಯ್ಕೆ ಬಳಸಿ, ಸರಿಪಡಿಸಿದ ಆವೃತ್ತಿ ಬರುವವರೆಗೆ ಕಾಯುವುದು. ಅವಸರಪಟ್ಟು ಏನನ್ನೂ ಅಳಿಸಬೇಕಾಗಿಲ್ಲ.

ತೆವಳುವ ಯಂತ್ರ

ಅಪ್‌ಡೇಟ್ ಆದ ಮೇಲೆ ನಿಧಾನವಾಯಿತು ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಅದರಲ್ಲಿ ಒಂದು ಪಾಲು ತಾನಾಗಿ ಇಳಿಯುವಂಥದು. ಅಪ್‌ಡೇಟ್ ಮುಗಿಯಿತೆಂದು ಪರದೆ ಹೇಳಿದ ಮೇಲೂ ಹಿನ್ನೆಲೆಯಲ್ಲಿ ಹಳೆಯ ಕಡತಗಳನ್ನು ಗುಡಿಸುವುದು, ಹುಡುಕುವ ಸೂಚಿಯನ್ನು ಮತ್ತೆ ಕಟ್ಟುವುದು, ಆಂಟಿವೈರಸ್ ಎಲ್ಲವನ್ನೂ ಹೊಸದಾಗಿ ನೋಡುವುದು ನಡೆದೇ ಇರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಶೇಕಡ 100 ಎಂದು ತೋರುವುದು ಇದರಿಂದಲೇ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಈ ಕೆಲಸಕ್ಕೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಯಂತ್ರವನ್ನು ರಾತ್ರಿಯಿಡೀ ಆನ್ ಇಟ್ಟರೆ ಬೆಳಿಗ್ಗೆಗೆ ಹಗುರಾಗುತ್ತದೆ. ಬೇಸತ್ತು ಗುಂಡಿ ಒತ್ತಿ ಆರಿಸಿದರೆ ಅದೇ ಕೆಲಸ ಮತ್ತೆ ಮೊದಲಾಗುತ್ತದೆ.

ಇನ್ನೊಂದು ಪಾಲು ಉಳಿದುಕೊಳ್ಳುವಂಥದು. ಮೆಲ್ಟ್‌ಡೌನ್ ತಿದ್ದುಪಡಿಗಳ ಬಗ್ಗೆ ಮೈಕ್ರೋಸಾಫ್ಟೇ ಇದನ್ನು ಬಚ್ಚಿಡದೆ ಹೇಳಿತ್ತು: ಹ್ಯಾಸ್ವೆಲ್ ಅಥವಾ ಅದಕ್ಕೂ ಹಿಂದಿನ ಇಂಟೆಲ್ ಪ್ರೊಸೆಸರಿನ ಮೇಲೆ ವಿಂಡೋಸ್ 7, 8 ಓಡಿಸುವ ಹೆಚ್ಚಿನವರಿಗೆ ವೇಗ ಇಳಿದದ್ದು ಗೊತ್ತಾಗುತ್ತದೆ ಎಂದು. ಭದ್ರತೆಗಾಗಿ ತೆತ್ತ ಬೆಲೆ ಅದು. ತಿದ್ದುಪಡಿ ತೆಗೆದು ವೇಗ ಮರಳಿ ಪಡೆಯುವ ಸಲಹೆಯನ್ನು ಇಂಟರ್ನೆಟ್ ಬಳಸುವ ಯಂತ್ರಕ್ಕೆ ಕೊಡಬಾರದು. ವೇಗವನ್ನು ಬೇರೆ ಕಡೆಯಿಂದ ಗಳಿಸಬಹುದು. ತಿರುಗುವ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್ ಇದ್ದಲ್ಲಿ 8 ಜಿಬಿ, ಒಣಗಿದ ಥರ್ಮಲ್ ಪೇಸ್ಟ್ ತೆಗೆದು ಹೊಸದು, ಧೂಳು ಕಟ್ಟಿದ ಫ್ಯಾನಿಗೆ ಒಂದು ಶುದ್ಧಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಪೇಟೆಗಳಲ್ಲಿ ಹಿಂದಿನ ತಲೆಮಾರಿನ ಡಿಡಿಆರ್ 3 ರ‍್ಯಾಮ್ ಕೂಡ ಸಿಗುತ್ತದೆ. ಇವುಗಳಲ್ಲಿ ಒಂದನ್ನೇ ಮಾಡಲು ಹಣವಿದ್ದರೆ ಎಸ್‌ಎಸ್‌ಡಿಯನ್ನೇ ಆರಿಸಬೇಕು. ಹತ್ತು ವರ್ಷದ ಯಂತ್ರಕ್ಕೆ ಅದರಷ್ಟು ಜೀವ ತುಂಬುವ ಭಾಗ ಬೇರೊಂದಿಲ್ಲ.

ಅಪ್‌ಡೇಟೇ ಹತ್ತದಿದ್ದಾಗ

ಅಪ್‌ಡೇಟ್ ಸೋತಾಗ ಪರದೆ ತೋರುವ ಸಂಖ್ಯೆಗೆ ಅರ್ಥವಿದೆ. 80070070 ಎಂದು ಮುಗಿದರೆ ಡಿಸ್ಕಿನಲ್ಲಿ ಜಾಗ ಸಾಲದು. ಸಿ1900101 ಎಂದು ಶುರುವಾದರೆ ಆವೃತ್ತಿ ಬದಲಾಯಿಸುವಾಗ ಯಾವುದೋ ಡ್ರೈವರ್ ಅಡ್ಡಬಂದಿದೆ; ಬೇಡದ ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು, ಬೇರೆ ಕಂಪನಿಯ ಆಂಟಿವೈರಸ್ ತೆಗೆದು ಮತ್ತೆ ಪ್ರಯತ್ನಿಸಬೇಕು. 32 ಜಿಬಿ ಸಂಗ್ರಹದೊಡನೆ ಮಾರಾಟವಾದ ಅಗ್ಗದ ಲ್ಯಾಪ್‌ಟಾಪುಗಳಿಗೆ ಮೊದಲನೆಯ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. ಅವುಗಳಿಗೆ ಪೆನ್‌ಡ್ರೈವ್ ಚುಚ್ಚಿಯೇ ಆವೃತ್ತಿ ಬದಲಿಸಬೇಕಾಗುತ್ತದೆ.

ಇಳಿಸಿಕೊಂಡ ಕಡತಗಳೇ ಕೆಟ್ಟಿದ್ದರೆ ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರಿನೊಳಗಿನ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಸೇವೆಯನ್ನು ಮತ್ತೆ ಶುರುಮಾಡಿದರೆ ಎಲ್ಲವೂ ಹೊಸದಾಗಿ ಇಳಿಯುತ್ತದೆ. ವಿಂಡೋಸಿನ ಸ್ವಂತ ಕಡತಗಳು ಕೆಟ್ಟಿದ್ದರೆ ಡಿಸ್ಮ್, ಎಸ್‌ಎಫ್‌ಸಿ ಎಂಬ ಎರಡು ಆಜ್ಞೆಗಳಿವೆ. ಇವುಗಳ ಕ್ರಮ ಮುಖ್ಯ. ಎಸ್‌ಎಫ್‌ಸಿ ಕೆಟ್ಟ ಕಡತಕ್ಕೆ ಬದಲಾಗಿ ಒಳ್ಳೆಯ ಪ್ರತಿಯನ್ನು ವಿಂಡೋಸಿನೊಳಗಿನ ಉಗ್ರಾಣದಿಂದ ತರುತ್ತದೆ. ಉಗ್ರಾಣವೇ ಕೆಟ್ಟಿದ್ದರೆ ಅದೇನು ಮಾಡೀತು? ಡಿಸ್ಮ್ ಮೊದಲು ಉಗ್ರಾಣವನ್ನು ಸರಿಪಡಿಸಬೇಕು, ಆಮೇಲೆ ಎಸ್‌ಎಫ್‌ಸಿ.

ಕೆಲವೊಮ್ಮೆ ತಪ್ಪು ಬಳಕೆದಾರರದೂ ಅಲ್ಲ, ಯಂತ್ರದ್ದೂ ಅಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟೊಂದು ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ 80070643 ಎಂದು ತೋರಿಸಿ ಸೋಲುತ್ತಿತ್ತು. ಅದು ದುರಸ್ತಿ ವಿಭಾಗವನ್ನು ನವೀಕರಿಸುವಂಥದು. ಅದಕ್ಕೆ ಆ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಹಿಂದಿನ ವಿಂಡೋಸುಗಳು ಕತ್ತರಿಸಿಟ್ಟಿದ್ದ ವಿಭಾಗಗಳಲ್ಲಿ ಅಷ್ಟು ಜಾಗವೇ ಇರಲಿಲ್ಲ. ವಿಭಾಗವನ್ನು ಕೈಯಾರೆ ಹಿಗ್ಗಿಸುವ ಆಜ್ಞೆಗಳನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಸಾಮಾನ್ಯ ಬಳಕೆದಾರರಿಗೆ ಅದು ಅಪಾಯದ ಕೆಲಸ. ಪರಿಣತರಿಲ್ಲದ ಕಡೆ ಆ ಒಂದು ಅಪ್‌ಡೇಟನ್ನು ಬಚ್ಚಿಟ್ಟು ಉಳಿದವನ್ನು ಹಾಕಿಕೊಳ್ಳುವುದೇ ವಿವೇಕ. ಇದಕ್ಕೆಂದೇ ಮೈಕ್ರೋಸಾಫ್ಟಿನ ಚಿಕ್ಕ ಸಾಧನವೊಂದಿದೆ.

ಪ್ರಿಂಟರ್, ಡಾಂಗಲ್, ಅಕ್ಷರ

ಕಂಪ್ಯೂಟರ್ ಚೆನ್ನಾಗಿದ್ದು ಸುತ್ತಲಿನವು ಕೆಡುವುದು ಹಳೆಯ ಕಚೇರಿಗಳ ನಿತ್ಯದ ಸಂಕಟ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿರುವ ಪ್ರಿಂಟರುಗಳು. ಇವು ಪುಟ ರೂಪಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟಿವೆ. 1020 ಅಂತೂ ಪ್ರತಿ ಸಲ ಆನ್ ಆದಾಗಲೂ ತನ್ನ ಫರ್ಮ್‌ವೇರನ್ನೇ ಕಂಪ್ಯೂಟರಿನಿಂದ ಪಡೆಯುತ್ತದೆ. ಹಾಗಾಗಿ ಡ್ರೈವರ್ ಕೆಟ್ಟರೆ ಇವು ಪೂರ್ತಿ ಮೂಕವಾಗುತ್ತವೆ. ಸಾಮಾನ್ಯ ಡ್ರೈವರ್ ಹಾಕಿ ದಾಟಿಸಲಾಗದು. 2021ರ ಮಾರ್ಚಿನ ಅಪ್‌ಡೇಟ್ ಕೆಲವು ಪ್ರಿಂಟರುಗಳಿಗೆ ಮುದ್ರಿಸಲು ಹೇಳಿದ ಕೂಡಲೇ ಇಡೀ ಯಂತ್ರವನ್ನೇ ನೀಲಿ ಪರದೆಗೆ ತಳ್ಳಿತ್ತು. ಪರಿಹಾರದ ದಾರಿ ಮೂರು ಮೆಟ್ಟಿಲಿನದು: ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನ ಡ್ರೈವರಿಗೆ ಮರಳುವುದು, ಆಗದಿದ್ದರೆ ಡ್ರೈವರನ್ನು ಬೇರುಸಹಿತ ತೆಗೆದು, ತಯಾರಕರ ಕೊನೆಯ ಆವೃತ್ತಿಯನ್ನು ಹೊಸದಾಗಿ ಹಾಕುವುದು, ಆಗಲೂ ಆಗದಿದ್ದರೆ ಆ ತಿಂಗಳ ಅಪ್‌ಡೇಟ್ ತೆಗೆಯುವುದು. ಕೆಲಸ ಮಾಡುವ ಡ್ರೈವರಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿಟ್ಟವರಿಗೆ ಇದು ಅರ್ಧ ಗಂಟೆಯ ಕೆಲಸ. ತಯಾರಕರ ತಾಣದಿಂದ ಹಳೆಯ ಡ್ರೈವರುಗಳು ಮಾಯವಾಗುತ್ತವೆ, ಆಮೇಲೆ ಗೊತ್ತುಗುರಿಯಿಲ್ಲದ ತಾಣಗಳಿಂದ ಇಳಿಸಿಕೊಳ್ಳಬೇಕಾಗುತ್ತದೆ. ಕುತಂತ್ರಾಂಶ ಒಳಬರುವುದು ಆ ಬಾಗಿಲಿನಿಂದಲೇ.

ಕರ್ನಾಟಕದ ಡಿಟಿಪಿ ಕೇಂದ್ರಗಳ ಕಥೆ ಇದಕ್ಕಿಂತ ತೊಡಕಿನದು. ಅಡೋಬಿಯ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅದೇ ಅದರ ಕೊನೆಯ ಆವೃತ್ತಿ. ಯೂನಿಕೋಡ್ ಅರಿಯದ ಆ ತಂತ್ರಾಂಶದಲ್ಲಿ ಮದುವೆ ಕರೆಯೋಲೆಯಿಂದ ಪುಸ್ತಕಗಳವರೆಗೆ ಕನ್ನಡದ ಅಪಾರ ಕೆಲಸ ನಡೆದಿದೆ. ಜೊತೆಗಿರುವ ಲಿಪಿ ತಂತ್ರಾಂಶಗಳಲ್ಲಿ ಕೆಲವಕ್ಕೆ ಡಾಂಗಲ್ ಎಂಬ ಕೀಲಿ ಸಾಧನ ಬೇಕು, ಡಾಂಗಲಿಗೆ ಹಳೆಯ ಡ್ರೈವರ್ ಬೇಕು. 32 ಬಿಟ್ ವಿಂಡೋಸಿಗೆ ಬರೆದ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ನಡೆಯುವುದಿಲ್ಲ. 16 ಬಿಟ್ ಕಾಲದ ತಂತ್ರಾಂಶಗಳಂತೂ ಅಲ್ಲಿ ತೆರೆಯುವುದೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. ಹೊಸ ವಿಂಡೋಸಿನ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ಹಳೆಯ ಡ್ರೈವರುಗಳನ್ನು ತಡೆಯುವುದೂ ಉಂಟು.

ಅಕ್ಷರ ಕೆಡುವುದರಲ್ಲಿ ಎರಡು ಬಗೆಯಿದೆ, ಎರಡಕ್ಕೂ ಮದ್ದು ಬೇರೆ. ಹಳೆಯ ನುಡಿ, ಬರಹ ಕಡತಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗಿದೆ. ಆ ಫಾಂಟ್ ಯಂತ್ರದಿಂದ ಹೋದರೆ ಪುಟ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ಅದೇ ಫಾಂಟನ್ನು ಮತ್ತೆ ಹಾಕಿದರೆ ಎಲ್ಲವೂ ಮರಳುತ್ತದೆ. ಯೂನಿಕೋಡ್ ಕಡತಗಳ ತೊಂದರೆ ಇದಕ್ಕಿಂತ ಹಗುರ. ವಿಂಡೋಸ್ ಎಕ್ಸ್‌ಪಿಯಿಂದ ಕನ್ನಡಕ್ಕಿದ್ದ ತುಂಗಾ ಫಾಂಟ್ ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವಾಯಿತು, ಅದರ ಜಾಗಕ್ಕೆ ನಿರ್ಮಲಾ ಬಂತು. ಆವೃತ್ತಿ ಬದಲಾದ ಮೇಲೆ ತುಂಗಾದಲ್ಲಿ ಜೋಡಿಸಿದ ಪುಟಗಳ ಸಾಲುಗಳು ಹಿಗ್ಗಿ ಕುಗ್ಗಿ ಪುಟಸಂಖ್ಯೆ ಏರುಪೇರಾಗುವುದು ಹೀಗೆ. ಸೆಟ್ಟಿಂಗ್ಸಿನ ಐಚ್ಛಿಕ ಭಾಗಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿದರೆ ತುಂಗಾ ಮರಳುತ್ತದೆ. ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೂ ಅದು ಇಳಿಯುತ್ತದೆ.

ಮ್ಯಾಕ್ ಮತ್ತು ಲಿನಕ್ಸ್

ಆಪಲ್ ಹಳೆಯ ಯಂತ್ರಗಳನ್ನು ಕೈಬಿಡುವ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ. ಗೆರೆಯ ಅಂಚಿನಲ್ಲಿರುವ ಯಂತ್ರಗಳಿಗೆ ಅಪಾಯ ಹೆಚ್ಚು. 2020ರ ನವೆಂಬರಿನಲ್ಲಿ ಬಿಗ್ ಸರ್ ಹಾಕಿಕೊಂಡ 2013ರ ಕೊನೆಯ ಮತ್ತು 2014ರ ನಡುವಿನ 13 ಇಂಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಕೆಲವು ಕಪ್ಪು ಪರದೆಯಲ್ಲಿ ನಿಂತುಹೋದವು. ಅದಕ್ಕೆ ಒಂದು ವರ್ಷ ಮುಂಚೆ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿತ್ತು. ಮ್ಯಾಕಿನಲ್ಲಿ ಹಿಂದಿನ ಆವೃತ್ತಿಗೆ ಮರಳುವುದು ಸುಲಭವಲ್ಲ. ಟೈಮ್ ಮಷಿನ್ ಪ್ರತಿ ಇಲ್ಲದೆ ಆವೃತ್ತಿ ಬದಲಿಸಬಾರದು.

ಲಿನಕ್ಸಿನಲ್ಲಿ ಹಿಂದಿರುಗುವ ದಾರಿ ತೆರೆದೇ ಇರುತ್ತದೆ. ಹೊಸ ಕರ್ನೆಲ್ ಬಂದ ಮೇಲೆ ಯಂತ್ರ ಏಳದಿದ್ದರೆ ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಆರಿಸಿದರಾಯಿತು. ಹಳೆಯ ಯಂತ್ರಗಳಲ್ಲಿ ಸಾಮಾನ್ಯ ಕಾರಣ ಎನ್‌ವಿಡಿಯಾ ಗ್ರಾಫಿಕ್ಸ್: ಅದರ 340, 390 ಸರಣಿಯ ಡ್ರೈವರುಗಳಿಗೆ ಕಂಪನಿ ಬೆಂಬಲ ನಿಲ್ಲಿಸಿದೆ, ಹೊಸ ಕರ್ನೆಲ್ಲಿಗೆ ಅವು ಹೊಂದುವುದಿಲ್ಲ. ಮುಕ್ತ ಡ್ರೈವರ್ ನೂವೋ ಬಳಸಿದರೆ ಪರದೆಯಾದರೂ ಬರುತ್ತದೆ. ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ 2024ರ ಆಗಸ್ಟಿನಲ್ಲಿ ಬೇರೆಯೇ ಪೆಟ್ಟು ಬಿತ್ತು. ವಿಂಡೋಸಿನ ಭದ್ರತಾ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್ ಕಡತಗಳನ್ನು ನಂಬಬಾರದೆಂದು ಗುರುತು ಹಾಕಿದ್ದರಿಂದ ಲಿನಕ್ಸ್ ಶುರುವಾಗಲಿಲ್ಲ. ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸನ್ನು ನವೀಕರಿಸಿ, ಮತ್ತೆ ಆನ್ ಮಾಡುವುದು ಆಗಿನ ದಾರಿ.

ಅಪ್‌ಡೇಟ್ ನಿಂತ ಮೇಲೆ

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 10ರ ಗೃಹಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿ ಪಡೆಯಬಹುದೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್, ಕೆಲವೇ ವಿನಾಯಿತಿಗಳ ಹೊರತು ಇಂಟೆಲ್ಲಿನ 8ನೇ ತಲೆಮಾರು ಅಥವಾ ಮುಂದಿನ ಪ್ರೊಸೆಸರ್ ಬೇಕು. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳು ಪ್ರಚಾರದಲ್ಲಿವೆ; ಅವುಗಳ ಮೇಲೆ ಮನೆಯ ಏಕೈಕ ಕಂಪ್ಯೂಟರನ್ನು ನಿಲ್ಲಿಸಬಾರದು. 24ಎಚ್2 ಆವೃತ್ತಿ ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆಜ್ಞೆಯನ್ನು ಕಡ್ಡಾಯ ಮಾಡಿದಾಗ, ಹೀಗೆ ನುಸುಳಿ ವಿಂಡೋಸ್ 11 ಹಾಕಿಸಿಕೊಂಡಿದ್ದ ಕೋರ್ 2 ಡ್ಯುಯೊ ಯಂತ್ರಗಳಿಗೆ ಮುಂದಿನ ದಾರಿಯೇ ಮುಚ್ಚಿತು.

ಅಪ್‌ಡೇಟ್ ನಿಂತರೆ ತೊಂದರೆ ನಿಲ್ಲುವುದಿಲ್ಲ, ಬೇರೆ ರೂಪದಲ್ಲಿ ಬರುತ್ತದೆ. ಕ್ರೋಮ್ 2023ರ 109ನೇ ಆವೃತ್ತಿಯ ನಂತರ ವಿಂಡೋಸ್ 7ನ್ನು ಬಿಟ್ಟಿತು. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಎಂಬ ಮೂಲ ಪ್ರಮಾಣಪತ್ರದ ಅವಧಿ ತೀರಿದಾಗ, ಹೊಸ ಪ್ರಮಾಣಪತ್ರ ಸೇರಿರದ ಹಳೆಯ ಯಂತ್ರಗಳಲ್ಲಿ ಸಾವಿರಾರು ತಾಣಗಳು ಒಂದೇ ದಿನ ತೆರೆಯದಾದವು. ಇಂಟರ್ನೆಟ್, ಟೈಪಿಂಗ್, ಪಾಠಗಳಿಗೆ ಬಳಕೆಯಾಗುವ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕುವುದು ಉಳಿದ ದಾರಿಗಳಿಗಿಂತ ಮೇಲು. ಆದರೆ 32 ಬಿಟ್ ಪ್ರೊಸೆಸರಿನವರಿಗೆ ಅಲ್ಲೂ ಆಯ್ಕೆ ಕುಗ್ಗುತ್ತಿದೆ. ಉಬುಂಟು 2017ರಲ್ಲೇ ಅವುಗಳ ಡೆಸ್ಕ್‌ಟಾಪ್ ಪ್ರತಿ ನಿಲ್ಲಿಸಿತು, ಡೆಬಿಯನ್ 2025ರ 13ನೇ ಆವೃತ್ತಿಯಲ್ಲಿ ಕೈಬಿಟ್ಟಿತು.

ಹಳೆಯ ತಂತ್ರಾಂಶವೇ ಬದುಕಾಗಿರುವ ಡಿಟಿಪಿ ಯಂತ್ರಕ್ಕೆ ಈ ಯಾವ ದಾರಿಯೂ ಒಗ್ಗದು. ಅದನ್ನು ಇಂಟರ್ನೆಟ್‌ನಿಂದ ಪೂರ್ತಿ ಬಿಡಿಸಿ, ಕೆಲಸ ಮಾಡುತ್ತಿರುವ ಸ್ಥಿತಿಯಲ್ಲೇ ಡಿಸ್ಕಿನ ಇಡೀ ಪ್ರತಿಯನ್ನು ಎರಡು ಕಡೆ ತೆಗೆದಿಟ್ಟು, ಕಡತಗಳನ್ನು ತಪಾಸಣೆ ಮಾಡಿದ ಪೆನ್‌ಡ್ರೈವಿನಲ್ಲಿ ಮಾತ್ರ ಸಾಗಿಸಬೇಕು. ನುಡಿ, ಬರಹದ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುವುದರಿಂದ ಮೂಲದ ಪುಟದೊಡನೆ ಹೋಲಿಸಿ ತಿದ್ದಬೇಕಾಗುತ್ತದೆ. ಮೂಲವನ್ನು ಸರಿಯಾಗಿ ತೋರಿಸಬಲ್ಲ ಫಾಂಟೂ ತಂತ್ರಾಂಶವೂ ಇರುವುದು ಆ ಹಳೆಯ ಯಂತ್ರದಲ್ಲೇ. ಅದು ನಡೆಯುತ್ತಿರುವಾಗಲೇ ಈ ಕೆಲಸ ಮುಗಿಯಬೇಕು.